ಹಾಲಿನ ಲೆಕ್ಕದ ಪಕ್ಕ ತಲೆನೋವಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ನಿಮ್ಮ ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲಿ ಇವತ್ತಿನಿಂದ ಇನ್ನೊಂದು ಲೆಕ್ಕ ಶುರು ಮಾಡಿ. ತಲೆನೋವು ಬಂದ ದಿನ ಒಂದು ಗೀಟು. ಮಾತ್ರೆ ನುಂಗಿದ ದಿನ ಒಂದು ಸೊನ್ನೆ. ಅಷ್ಟೇ.

ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆ ನೋಯುತ್ತಿದ್ದರೆ ಅದು ದೀರ್ಘಕಾಲದ ತಲೆನೋವು. ಇದಕ್ಕೆ ಮಾತ್ರೆಯೊಂದೇ ಗತಿ ಎನ್ನುವ ಕಾಲ ಹೋಯಿತು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2012ರಲ್ಲೇ ತನ್ನ ತಲೆನೋವಿನ ಮಾರ್ಗಸೂಚಿಯಲ್ಲಿ ಅಕ್ಯುಪಂಕ್ಚರ್‌ಗೆ, ಅಂದರೆ ಸೂಜಿ ಚುಚ್ಚುವ ಚಿಕಿತ್ಸೆಗೆ, ಜಾಗ ಕೊಟ್ಟಿತು. ನಮ್ಮ ದೆಹಲಿಯ ಏಮ್ಸ್ ವೈದ್ಯರು ಮೈಗ್ರೇನ್ ಇದ್ದವರಿಗೆ ಔಷಧದ ಜೊತೆ ಯೋಗವನ್ನೂ ಮಾಡಿಸಿ, ಬರೀ ಔಷಧ ತೆಗೆದುಕೊಂಡವರಿಗಿಂತ ಅವರಿಗೆ ನೋವು ಕಡಿಮೆಯಾದದ್ದನ್ನು 2020ರಲ್ಲಿ ಪ್ರಕಟಿಸಿದರು.

ಬಂಟ್ವಾಳದ ಕಡೆಯ ಬೀಡಿ ಕಟ್ಟುವ ಒಬ್ಬ ಅಕ್ಕನನ್ನು ನೆನೆಸಿಕೊಳ್ಳಿ. ಮಡಿಲಲ್ಲಿ ಎಲೆ, ತಂಬಾಕು ಇಟ್ಟುಕೊಳ್ಳುವ ತಡ್ಪೆ, ಅಂದರೆ ಮೊರ, ದಿನಕ್ಕೆ ಏಳು ಗಂಟೆ ಬಗ್ಗಿದ ಕುತ್ತಿಗೆ. ಸಂಜೆಯಾದರೆ ಹಿಂದಲೆಯಿಂದ ಹಣೆಯವರೆಗೆ ಪಟ್ಟಿ ಬಿಗಿದಂಥ ನೋವು. ಅಂಗಡಿಯಿಂದ ಒಂದು ಮಾತ್ರೆ. ಮೊದಲು ವಾರಕ್ಕೆರಡು, ವರ್ಷ ಕಳೆಯುವಾಗ ಏಳುತ್ತಲೇ ಒಂದು. ಸ್ಕ್ಯಾನ್ ಮಾಡಿಸಿದರೆ ಏನೂ ಇಲ್ಲ. “ಹಾಗಾದರೆ ನನ್ನ ನೋವು ಸುಳ್ಳಾ?” ಎಂದು ಅವರಿಗೆ ಸಿಟ್ಟು. ಸುಳ್ಳಲ್ಲ ಮಾರಾಯ್ರೆ. ಕ್ಯಾಲೆಂಡರ್ ನೋಡಿ: 26 ಗೀಟು, 22 ಸೊನ್ನೆ! ಕುತ್ತಿಗೆಯ ಸ್ನಾಯು ಶುರು ಮಾಡಿದ ನೋವನ್ನು ಈಗ ಮಾತ್ರೆಯೇ ಸಾಕುತ್ತಿದೆ. ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆ ತಿಂಗಳಿಗೆ 15 ದಿನ, ಎರಡು ಮೂರು ಔಷಧ ಬೆರೆಸಿದ ಮಾತ್ರೆ 10 ದಿನ ಮುಟ್ಟಿ, ಹಾಗೇ ತಿಂಗಳುಗಟ್ಟಲೆ ಮುಂದುವರಿದರೆ, ಅದೇ ತಲೆನೋವು ತರುತ್ತದೆ. ಅದಕ್ಕೇ ಸೊನ್ನೆ ಎಣಿಸಿ ಎನ್ನುವುದು.

ಡಾಕ್ಟರರನ್ನು ಕೇಳಿ ಆ ಅಕ್ಕ ಮಾತ್ರೆ ಬಿಟ್ಟರು. ಬಿಟ್ಟ ಮೇಲೆ ಎರಡರಿಂದ ಹತ್ತು ದಿನ ನೋವು ಏರುತ್ತದೆ. ಹೆಚ್ಚಿನವರು ಇಲ್ಲೇ ಸೋತು ಮತ್ತೆ ಅಂಗಡಿಗೆ ಹೋಗುವುದು. ಅವರು ಬೆನ್ನನ್ನು ಗೋಡೆಗೆ ಕೊಟ್ಟು, ತಡ್ಪೆಯನ್ನು ಮಡಿಲಿನಿಂದ ಎತ್ತಿ ಎತ್ತರದ ಮಣೆಯ ಮೇಲಿಟ್ಟರು. ಎರಡು ಕಟ್ಟು ಬೀಡಿ ಮುಗಿದಾಗ ಒಮ್ಮೆ ಗದ್ದವನ್ನು ಹಿಂದಕ್ಕೆ, ಗೋಡೆಯ ಕಡೆಗೆ ತಳ್ಳಿ, ಐದು ಎಣಿಸಿ ಬಿಡುವುದು. ಹತ್ತು ಸಲ. ಗದ್ದ ಎದೆಗೆ ಬಗ್ಗಬಾರದು, ಬಗ್ಗಿದರೆ ಹಳೆಯ ಕಥೆಯೇ. ತಲೆಯನ್ನು ಬುಗುರಿಯಂತೆ ಗಿರಗಿರ ತಿರುಗಿಸುವುದಂತೂ ಬೇಡವೇ ಬೇಡ. ಮೂರನೇ ತಿಂಗಳಿಗೆ 9 ಗೀಟು, 3 ಸೊನ್ನೆ.

ಓಹೋ, ಅಕ್ಕನ ಕಥೆಯಲ್ಲೇ ಅರ್ಧ ಸಮಯ ಹೋಯಿತು. ಸ್ನಾಯು ಸಡಿಲಿಸುವ ಅಭ್ಯಾಸವನ್ನಾದರೂ ಹೇಳಿಬಿಡುತ್ತೇನೆ. ಕೂತು ಮುಷ್ಟಿ ಬಿಗಿಯಿರಿ, ಐದು ಎಣಿಸಿ, ಒಮ್ಮೆಲೇ ಬಿಡಿ, ಇಪ್ಪತ್ತು ಎಣಿಸುವವರೆಗೆ ಸುಮ್ಮನಿರಿ. ಹಾಗೆಯೇ ಭುಜವನ್ನು ಕಿವಿಯತ್ತ ಎತ್ತಿ ಬಿಡಿ, ಆಮೇಲೆ ದವಡೆ, ಕೊನೆಗೆ ಹಣೆ. ಉಸಿರು ಕಟ್ಟಬೇಡಿ. ದಿನಕ್ಕೆರಡು ಸಲ, ಹದಿನೈದು ನಿಮಿಷ. ನೋವು ಬಂದಾಗ ಮಾತ್ರ ಮಾಡಿ “ಗುಣವಿಲ್ಲ” ಎನ್ನುವವರು ತುಂಬಾ. ನೋವಿಲ್ಲದ ದಿನವೂ ಮಾಡಬೇಕು, ಆರರಿಂದ ಎಂಟು ವಾರ.

ಚಹಾ ಕಡಿಮೆ ಮಾಡುವವರು ಒಮ್ಮೆಲೇ ನಿಲ್ಲಿಸಬೇಡಿ, ಅದರಿಂದಲೇ ತಲೆ ಸಿಡಿಯುತ್ತದೆ. ಮೂರು ದಿನಕ್ಕೊಮ್ಮೆ ಅರ್ಧ ಲೋಟ ಇಳಿಸಿ. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದರೂ ಮಧ್ಯಾಹ್ನದವರೆಗೆ ಮಲಗಬೇಡಿ. ಊಟದ ಹೊತ್ತು ತಪ್ಪಿಸಬೇಡಿ.

ಸಿಡಿಲಿನಂತೆ ಒಮ್ಮೆಲೇ ಬಂದ ನೋವು, ಜ್ವರದೊಂದಿಗೆ ಬಿಗಿದ ಕುತ್ತಿಗೆ, ಕೈಕಾಲು ಸೋಲುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು: ಇವಕ್ಕೆ ಕ್ಯಾಲೆಂಡರ್ ಅಲ್ಲ, ನೇರ ಆಸ್ಪತ್ರೆ. ಉಳಿದವರು ಡಾಕ್ಟರರ ಹತ್ತಿರ ಹೋಗುವಾಗ ಆ ಮೂರು ತಿಂಗಳ ಹಾಳೆ ಹರಿದುಕೊಂಡು ಹೋಗಿ. ಹಾಲಿನ ಲೆಕ್ಕ ಮಾತ್ರ ಮೊದಲೇ ಚುಕ್ತಾ ಮಾಡಿಕೊಳ್ಳಿ.

ನಮಸ್ಕಾರ.