ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕೇಳುಗರೇ, ನಮಸ್ಕಾರ.

ಕಾರು ಓಡಿಸುತ್ತಿರುವಾಗ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಆಗ ಮೊದಲು ನೋಡಬೇಕಾದದ್ದು ದೀಪ ಒಂದೇ ಸಮ ಉರಿಯುತ್ತಿದೆಯೋ, ಮಿಣುಕುತ್ತಿದೆಯೋ ಅನ್ನುವುದು. ಒಂದೇ ಸಮ ಉರಿಯುತ್ತಿದ್ದು, ಬೇರೆ ಕೆಂಪು ದೀಪ ಇಲ್ಲದೆ ಗಾಡಿ ಚೆನ್ನಾಗಿ ಓಡುತ್ತಿದ್ದರೆ ಮನೆ ತಲುಪಿ ನೋಡಬಹುದು. ಮಿಣುಕುತ್ತಿದ್ದರೆ ಇಂಜಿನ್ ಜೋರಾಗಿ ಮಿಸ್ಸಿಂಗ್ ಆಗುತ್ತಿದೆ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಹೊಗೆ ಕೊಳವೆಗೆ ಹೋಗಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ. ತಡ ಮಾಡದೆ ಗಾಡಿ ಪಕ್ಕಕ್ಕೆ ಹಾಕಿ.

ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಈ ವ್ಯವಸ್ಥೆ ಕಡ್ಡಾಯವಾಯಿತು. ಅದಕ್ಕೆ ಕಾರಿನ ಕಂಪ್ಯೂಟರ್ ಗುರುತಿಸಿದ ದೋಷವನ್ನು ಓದುವ ಸ್ಕ್ಯಾನರ್ ಚುಚ್ಚಿದರೆ ಒಂದು ಅಕ್ಷರ, ನಾಲ್ಕು ಅಂಕಿಯ ಕೋಡ್ ಬರುತ್ತದೆ. ಪಿ ಅಂದರೆ ಇಂಜಿನ್ ಮತ್ತು ಗೇರ್‌ಬಾಕ್ಸ್. ನಮಗೆ ಜಾಸ್ತಿ ಸಿಗುವುದು ಅದೇ.

ಕೋಡ್ ಸಿಕ್ಕಿದ ಕೂಡಲೇ ಬಿಡಿಭಾಗ ಕೊಳ್ಳಲು ಓಡಬೇಡಿ. ನಾನು ಹಾಗೆ ಓಡಿದವನು. ನನ್ನ ಕಾರಿನಲ್ಲಿ ಪಿ 0171 ಬಂತು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು ಇದರ ಅರ್ಥ. ಹೊಗೆ ಕೊಳವೆಯಲ್ಲಿ ಕೂತು ಇದನ್ನು ಗಮನಿಸುವುದು ಆಕ್ಸಿಜನ್ ಸೆನ್ಸರ್. ಅದನ್ನೇ ಬದಲಿಸಿದೆವು. ಮೂರನೇ ದಿನ ದೀಪ ಮತ್ತೆ ಬಂತು. ಪಾಪ, ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ಆಮೇಲೆ ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ ತೆರೆದು ನೋಡಿದೆ. ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚಿಗೆ ಕೊಡಬೇಕಾಯಿತು ಎಂದು ಕಾರಿನ ಕಂಪ್ಯೂಟರ್ ಅಲ್ಲಿ ಶೇಕಡಾವಾರು ತೋರಿಸುತ್ತದೆ. ಗಾಡಿ ನಿಂತಲ್ಲೇ ಸುಮ್ನೆ ಓಡುತ್ತಿದ್ದಾಗ ಶೇ. 24 ಇತ್ತು. ಆಕ್ಸಿಲರೇಟರ್ ಒತ್ತಿ ಇಂಜಿನ್ನನ್ನು ನಿಮಿಷಕ್ಕೆ 2500 ಸುತ್ತಿಗೆ ತಂದಾಗ 6ಕ್ಕೆ ಇಳಿಯಿತು. ಈ ಇಳಿತವೇ ಸುಳಿವು. ಎಲ್ಲೋ ಸಣ್ಣ ಸಂದಿನಿಂದ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಇಂಜಿನ್ ನಿಧಾನವಾಗಿರುವಾಗ ಆ ಗಾಳಿಯ ಪಾಲು ದೊಡ್ಡದು. ಜೋರಾಗಿ ಉಸಿರೆಳೆದಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಬದಲಿಗೆ ವೇಗ ಹೆಚ್ಚಿದಂತೆ ಸಂಖ್ಯೆಯೂ ಏರಿದ್ದರೆ ಪೆಟ್ರೋಲ್ ಪಂಪ್, ಫಿಲ್ಟರ್ ಕಡೆ ಹುಡುಕುತ್ತಿದ್ದೆ.

ಬಾನೆಟ್ ಎತ್ತಿ ಕಿವಿಗೊಟ್ಟರೆ ಸಣ್ಣಗೆ ಬುಸ್ ಅನ್ನುವ ಸದ್ದು. ಇಂಜಿನ್ ಹಿಂದಿನ ಒಂದು ತೆಳು ರಬ್ಬರ್ ಪೈಪು ತಿರುವಿನಲ್ಲಿ ಉಗುರಿನಷ್ಟು ಸೀಳಿತ್ತು. ಬೆರಳಿಟ್ಟು ಮುಚ್ಚಿದೆ. ಇಂಜಿನ್ನಿನ ನಡುಕ ನಿಂತೇ ಹೋಯಿತು! ಆ ಸಂತೋಷ ಈಗಲೂ ನೆನಪಿದೆ.

ಇನ್ನೊಂದು ಕೋಡ್ ಪಿ 0301. ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ಪ್ರತಿ ಸಿಲಿಂಡರಿಗೂ ಕಿಡಿಗೆ ವಿದ್ಯುತ್ ಕೊಡುವ ಬೇರೆ ಕಾಯಿಲ್ ಇರುವ ಇಂಜಿನ್ ಆದರೆ ಖರ್ಚಿಲ್ಲದ ಪರೀಕ್ಷೆಯಿದೆ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಒಂದನೆಯದರ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿ. ಕೋಡ್ 0303 ಆಗಿ ಬಂದರೆ ಕಾಯಿಲ್ ಕೆಟ್ಟಿದೆ. 0301 ಅಲ್ಲೇ ಉಳಿದರೆ ಸ್ಪಾರ್ಕ್ ಪ್ಲಗ್, ಆಮೇಲೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಸಿಲಿಂಡರಿನೊಳಗಿನ ಒತ್ತಡ ಅಂದರೆ ಕಂಪ್ರೆಷನ್ ನೋಡಿ. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ 0420 ಬಂದರೂ ದುಬಾರಿ ಕನ್ವರ್ಟರಿಗೆ ಕೈಹಾಕುವ ಮೊದಲು ಹೊಗೆ ಕೊಳವೆ ಎಲ್ಲಾದರೂ ಸೋರುತ್ತಿದೆಯೇ ಎಂದು ಪರೀಕ್ಷಿಸಿ.

ಕೋಡ್ ಅಳಿಸುವ ಆತುರ ಬೇಡ. ದೋಷ ಕಂಡ ಕ್ಷಣದಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಿತ್ತು ಎಂಬುದನ್ನು ಕಂಪ್ಯೂಟರ್ ಫ್ರೀಜ್ ಫ್ರೇಮ್ ಎಂದು ಹಿಡಿದಿಟ್ಟಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಮೊದಲು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ರಿಪೇರಿಯಾದ ಮೇಲೆ ಅಳಿಸಿ, ತಣ್ಣನೆಯ ಇಂಜಿನ್ನಿನಿಂದ ಶುರುಮಾಡಿ ಕೆಲವು ದಿನ ಓಡಿಸಿ. ದೀಪ ಬಾರದಿದ್ದರೂ ಸ್ಕ್ಯಾನರ್ ಇನ್ನೊಮ್ಮೆ ಚುಚ್ಚಿ, ದೀಪ ಹೊತ್ತಿಸುವಷ್ಟು ಇನ್ನೂ ಖಚಿತವಾಗದ ಪೆಂಡಿಂಗ್ ಕೋಡ್ ಏನಾದರೂ ಕೂತಿದೆಯೇ ನೋಡಿ.

ನಮಸ್ಕಾರ.