ಹೃದಯದ ಕವಾಟ: ಆಪರೇಷನ್ನಿಗೆ ಮುಂಚಿನ ವಾರಗಳು

ಕೇಳುಗರಿಗೆ ನಮಸ್ಕಾರ.

ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ತಾರೀಕಿಗೆ ಇನ್ನೂ ಮೂರು ನಾಲ್ಕು ವಾರ ಇದೆ. ಹಣ ಹೊಂದಿಸುವುದು, ಕಾರ್ಡು ಕಾಗದ ಸರಿ ಮಾಡಿಸುವುದು, ನೆಂಟರಿಗೆ ತಿಳಿಸುವುದು, ಇಷ್ಟರಲ್ಲೇ ಆ ದಿನಗಳು ಕಳೆದುಹೋಗುತ್ತವೆ. ಕವಾಟದ ತೊಂದರೆಯ ಜೊತೆಗೆ ಹೃದಯ ವೈಫಲ್ಯವೂ ಇದ್ದವರ ಮಟ್ಟಿಗೆ ಚಿಕಿತ್ಸೆ ಶುರುವಾಗುವುದು ಈ ವಾರಗಳಲ್ಲೇ, ಮನೆಯಲ್ಲೇ.

ಹೃದಯ ವೈಫಲ್ಯ ಅಂದರೆ ಹೃದಯ ನಿಂತುಹೋಗುವುದಲ್ಲ. ಮೈಗೆ ಬೇಕಾದಷ್ಟು ರಕ್ತವನ್ನು ಮುಂದೂಡಲು ಅದಕ್ಕೆ ಆಗುತ್ತಿಲ್ಲ ಎಂದು ಅರ್ಥ. ನಮ್ಮಲ್ಲಿ ಬಹಳ ಜನರಿಗೆ ಇದರ ಬೇರು ಇರುವುದು ಚಿಕ್ಕಂದಿನ ಗಂಟಲು ನೋವಿನಲ್ಲಿ. ಅದರ ಬೆನ್ನಿಗೆ ಬರುವ ಸಂಧಿವಾತ ಜ್ವರ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲಾದ ಮೈಟ್ರಲ್ ಕವಾಟದ ಎಸಳುಗಳನ್ನು ಅಂಟಿಸಿ, ದಪ್ಪಗಾಗಿಸಿ, ಬಾಗಿಲನ್ನು ಕಿರಿದು ಮಾಡುತ್ತದೆ. ದಾಟಲಾಗದ ರಕ್ತ ಶ್ವಾಸಕೋಶದ ಕಡೆಗೇ ಒತ್ತುತ್ತದೆ. ಮಲಗಿದರೆ ದಮ್ಮು ಬರುತ್ತದೆ, ಎರಡು ಮೂರು ದಿಂಬು ಬೇಕಾಗುತ್ತದೆ. ಆಮೇಲೆ ಕಾಲು ಬಾತುಕೊಳ್ಳುತ್ತದೆ, ಹೊಟ್ಟೆ ಉಬ್ಬುತ್ತದೆ, ಊಟ ಸೇರುವುದಿಲ್ಲ.

ಇಂಥ ನೀರು ತುಂಬಿದ ಮೈಯಲ್ಲೇ ಆಪರೇಷನ್ ಆದರೆ ತೊಂದರೆ ಹೆಚ್ಚು. ಒದ್ದೆ ಶ್ವಾಸಕೋಶ ಇದ್ದವರನ್ನು ವೆಂಟಿಲೇಟರಿನಿಂದ ಬಿಡಿಸಲು ಹೆಚ್ಚು ದಿನ ಬೇಕು. ಯಕೃತ್ತು ಬಾತಿದ್ದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳು ಸರಿಯಾಗಿ ತಯಾರಾಗದೆ ರಕ್ತಸ್ರಾವ ಜಾಸ್ತಿಯಾಗುತ್ತದೆ. ಮೂತ್ರಪಿಂಡ ಸೋಲಬಹುದು. ಸಾಲದ್ದಕ್ಕೆ, ಆಪರೇಷನ್ ಹೊತ್ತಿನಲ್ಲಿ ಹೃದಯದ, ಶ್ವಾಸಕೋಶದ ಕೆಲಸ ಮಾಡುವ ಯಂತ್ರದ ಕೊಳವೆಗಳಲ್ಲಿ ತುಂಬಿಸಿರುವ ದ್ರವವೂ ಮೈಗೆ ಸೇರುತ್ತದೆ. ಆದ್ದರಿಂದ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ: ಸಾಧ್ಯವಾದಷ್ಟು ನೀರು ಇಳಿಸಿಕೊಂಡೇ ಆಸ್ಪತ್ರೆಗೆ ಹೋಗಬೇಕು.

ಇದಕ್ಕೆ ಬೇಕಾದ ಮೊದಲ ಸಲಕರಣೆ ತೂಕದ ಯಂತ್ರ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿ ಕುಡಿಯುವ ಮುಂಚೆ, ದಿನವೂ ಅದೇ ತೆಳು ಬಟ್ಟೆಯಲ್ಲಿ, ಅದೇ ಯಂತ್ರದ ಮೇಲೆ ನಿಲ್ಲಿ. ಯಂತ್ರ ಹಾಸಿನ ಮೇಲೆ ಬೇಡ, ಗಟ್ಟಿ ನೆಲದ ಮೇಲಿರಲಿ. ತಾರೀಕು, ತೂಕ, ಎಷ್ಟು ದಿಂಬು ಬೇಕಾಯಿತು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂರು ದಿನದೊಳಗೆ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಅಷ್ಟು ಬೇಗ ಯಾರಿಗೂ ಕೊಬ್ಬು ಬೆಳೆಯುವುದಿಲ್ಲ. ಕಾಲು ಊದುವ ಮುಂಚೆಯೇ ತೂಕ ಏರಿರುತ್ತದೆ, ಹಾಗಾಗಿ ಕಾಲು ನೋಡಿಕೊಂಡು ಕೂರಬೇಡಿ. ಅಂದೇ ಆಸ್ಪತ್ರೆಗೆ ಫೋನ್ ಮಾಡಿ. ಕೂತಲ್ಲೇ ದಮ್ಮು ಬಂದರೆ, ಕಫದಲ್ಲಿ ರಕ್ತ ಅಥವಾ ಕೆಂಪು ನೊರೆ ಕಂಡರೆ, ಕಣ್ಣು ಕತ್ತಲೆ ಬಂದು ಬಿದ್ದರೆ, ಫೋನಿಗೂ ಕಾಯದೆ 108ಕ್ಕೆ ಕರೆ ಮಾಡಿ ಹೊರಡಿ.

ಎರಡನೆಯದು ಉಪ್ಪು. ದಿನಕ್ಕೆ ಒಟ್ಟು ಐದು ಗ್ರಾಂ, ಅಂದರೆ ಒಂದು ಟೀ ಚಮಚ, ಅದಕ್ಕಿಂತ ಹೆಚ್ಚಿಲ್ಲ. ಇದನ್ನು ಮನೆಯಲ್ಲಿ ನಡೆಸುವುದು ಹೇಗೆ? ಬೆಳಿಗ್ಗೆಯೇ ಆ ಚಮಚ ಉಪ್ಪನ್ನು ಒಂದು ಪುಟ್ಟ ಡಬ್ಬಿಗೆ ಹಾಕಿಡಿ. ಸಾರು, ಪಲ್ಯ ಕುದಿಯುವಾಗ ಉಪ್ಪು ಹಾಕುವ ಮೊದಲು ರೋಗಿಯ ಪಾಲನ್ನು ಬೇರೆ ಪಾತ್ರೆಗೆ ತೆಗೆದು, ಡಬ್ಬಿಯ ಉಪ್ಪನ್ನಷ್ಟೇ ಅದಕ್ಕೆ ಹಾಕಿ. ಮುದ್ದೆಗೆ, ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಬೇಡವೇ ಬೇಡ. ರುಚಿಗೆ ನಿಂಬೆಹುಳಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ ಧಾರಾಳವಾಗಿ ಇರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಣಮೀನು, ಬೇಕರಿ ಖಾರ ಈ ವಾರಗಳಲ್ಲಿ ಮನೆಯ ಮೇಜಿನ ಮೇಲೇ ಇರಬಾರದು. ಸೈಂಧವ ಲವಣ ಆದರೆ ಪರವಾಗಿಲ್ಲ ಎಂಬ ನಂಬಿಕೆ ತುಂಬಾ ಇದೆ. ಅದೂ ಸೋಡಿಯಂ ಉಪ್ಪೇ. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪಿನ ಅಪಾಯ ಇನ್ನೊಂದು ಬಗೆಯದು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಹೃದಯ ವೈಫಲ್ಯಕ್ಕೆ ಕೊಡುವ ಸ್ಪೈರನೊಲ್ಯಾಕ್ಟೋನ್, ರಾಮಿಪ್ರಿಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಅದರಲ್ಲೂ ಮೂತ್ರಪಿಂಡ ದುರ್ಬಲವಾಗಿದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಕೆಡಬಹುದು. ದಿನವೂ ಎಳನೀರು ಕುಡಿಯುವವರೂ ಇದೇ ಕಾರಣಕ್ಕೆ ಡಾಕ್ಟರನ್ನು ಕೇಳಲೇಬೇಕು.

ಕೆಲವರಿಗೆ ದಿನಕ್ಕೆ ಒಂದೂವರೆ ಲೀಟರಿನಷ್ಟೇ ದ್ರವ ಎಂದು ಮಿತಿ ಹಾಕಿರುತ್ತಾರೆ. ಕಾಫಿ, ಮಜ್ಜಿಗೆ, ಗಂಜಿ, ತಿಳಿಸಾರು ಎಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ಬೆಳಿಗ್ಗೆ ಬಾಟಲಿಗಳಲ್ಲಿ ಒಂದೂವರೆ ಲೀಟರ್ ನೀರು ತುಂಬಿಡಿ. ಒಂದು ಲೋಟ ಕಾಫಿ ಕುಡಿದಿರಾ, ಅದೇ ಲೋಟದಿಂದ ಅಷ್ಟೇ ನೀರನ್ನು ಬಾಟಲಿಯಿಂದ ತೆಗೆದುಬಿಡಿ. ಬಾಟಲಿ ಖಾಲಿಯಾದರೆ ಆ ದಿನದ ಪಾಲು ಮುಗಿಯಿತು. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಿ.

ಹಾಗೆಂದು ಮೂತ್ರ ಹೋಗುವ ಮಾತ್ರೆಯನ್ನು ನೀವಾಗಿ ಜಾಸ್ತಿ ಮಾಡಿಕೊಳ್ಳಬೇಡಿ. ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ಕವಾಟ ಕಿರಿದಾಗಿರುವವರಿಗೆ ಮೈಯಲ್ಲಿ ನೀರು ಅತಿಯಾಗಿ ಕಡಿಮೆಯಾದರೆ ಬಿ.ಪಿ. ಕುಸಿದು ತಲೆಸುತ್ತಿ ಬೀಳಬಹುದು. ಅವರು ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆಯನ್ನು ಇನ್ನೊಬ್ಬರಿಂದ ಪಡೆದು ಹಾಕಿಕೊಳ್ಳುವುದೂ ಅಪಾಯ. ಮಂಡಿನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ನುಂಗಿದರೆ ಮೈಯಲ್ಲಿ ನೀರು ನಿಂತು, ವಾರಗಟ್ಟಲೆ ಮಾಡಿದ್ದೆಲ್ಲ ಹೋಗುತ್ತದೆ.

ಇನ್ನು ಹಲ್ಲು. ಹೃದಯಕ್ಕೂ ಹಲ್ಲಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಹುಳುಕು ಹಲ್ಲು, ಕೀವಾದ ವಸಡು ಇವುಗಳಿಂದ ರೋಗಾಣುಗಳು ರಕ್ತಕ್ಕೆ ಇಳಿದು ಹೊಸ ಕವಾಟದ ಮೇಲೆ ನೆಲೆ ಮಾಡಿದರೆ ಜೀವಕ್ಕೇ ಕುತ್ತು, ಎರಡನೇ ಆಪರೇಷನ್ ಬೇಕಾಗಬಹುದು. ದಂತವೈದ್ಯರ ಬಳಿ ಹೋಗಿ, ಕೀಳಬೇಕಾದ ಹಲ್ಲು ಇದ್ದರೆ ಮುಂಚೆಯೇ ಕೀಳಿಸಿ, ಗಾಯ ಮಾಯಲು ಎರಡು ವಾರವಾದರೂ ಸಿಗುವಂತೆ ನೋಡಿಕೊಳ್ಳಿ. ಕೊನೆಯ ವಾರಕ್ಕೆ ಬಿಟ್ಟರೆ ಆಪರೇಷನ್ ತಾರೀಕೇ ಮುಂದೆ ಹೋಗಬಹುದು. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಅದನ್ನು ದಂತವೈದ್ಯರಿಗೆ ಮೊದಲೇ ಹೇಳಿ.

ಯಾವ ಮಾತ್ರೆಯನ್ನು ಯಾವತ್ತು ನಿಲ್ಲಿಸಬೇಕು ಎಂಬುದನ್ನು ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ತಾರೀಕು ಹಾಕಿಸಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ವಾರ್ಫರಿನ್ ಮತ್ತು ಕ್ಲೋಪಿಡೊಗ್ರೆಲ್ ಐದು ದಿನ ಮೊದಲು, ಅಸಿಟ್ರೋಮ್ ಮೂರು ದಿನದಷ್ಟು ಮೊದಲು ನಿಲ್ಲುತ್ತವೆ. ನಡುವೆ ಅದೇ ಕೆಲಸ ಮಾಡುವ ಹೆಪಾರಿನ್ ಚುಚ್ಚುಮದ್ದು ಬೇಕೋ ಬೇಡವೋ ಎಂದು ಡಾಕ್ಟರು ಹೇಳುತ್ತಾರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಈಗ ಹೃದಯ ವೈಫಲ್ಯಕ್ಕೂ ಕೊಡುತ್ತಾರೆ. ಇವನ್ನು ಕನಿಷ್ಠ ಮೂರು ದಿನ ಮೊದಲು ನಿಲ್ಲಿಸದಿದ್ದರೆ, ಉಪವಾಸದ ಹೊತ್ತಿನಲ್ಲಿ ಸಕ್ಕರೆ ಹೆಚ್ಚಿಲ್ಲದೆಯೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ಇವನ್ನು ಸಕ್ಕರೆ ಕಾಯಿಲೆಯ ಮಾತ್ರೆ ಎಂದಷ್ಟೇ ತಿಳಿದು, ನನಗೆ ಸಕ್ಕರೆ ಇಲ್ಲವಲ್ಲ ಎಂದು ಹೇಳದೆ ಬಿಡುವವರಿದ್ದಾರೆ. ಎಲ್ಲ ಮಾತ್ರೆಯ ಪಟ್ಟಿಗಳನ್ನೂ, ನಾಟಿ ಔಷಧ, ಲೇಹ್ಯವನ್ನೂ ಒಂದು ಚೀಲಕ್ಕೆ ಹಾಕಿ ಅರಿವಳಿಕೆ ಡಾಕ್ಟರಿಗೆ ತೋರಿಸಿ.

ಬೀಡಿ ಸಿಗರೇಟು ಇವತ್ತೇ ಬಿಡಬೇಕು. ಕಬ್ಬಿಣದಂಶ ಸಾಲದೆ ರಕ್ತಹೀನತೆ ಇದ್ದರೆ ಈಗಲೇ ಕಬ್ಬಿಣದಂಶ ತುಂಬಿಸಬೇಕು. ಮೂರು ಚೆಂಡಿನ ಉಸಿರಿನ ಸಾಧನವನ್ನು ಮನೆಯಲ್ಲೇ ರೂಢಿ ಮಾಡಿ. ಬಹಳ ಜನ ಅದಕ್ಕೆ ಊದುತ್ತಾರೆ. ಊದುವುದಲ್ಲ, ಎಳೆಯುವುದು. ನೆಟ್ಟಗೆ ಕೂತು ಉಸಿರು ಬಿಟ್ಟು, ತುಟಿಯನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಒಳಗೆಳೆದು ಚೆಂಡನ್ನು ಎರಡು ಮೂರು ಸೆಕೆಂಡು ಮೇಲೆ ನಿಲ್ಲಿಸಿ. ತಲೆಸುತ್ತಿದರೆ ನಿಲ್ಲಿಸಿಬಿಡಿ.

ಯಾವ ಕವಾಟ ಎಂಬ ಪ್ರಶ್ನೆಗೂ ಈ ವಾರಗಳಲ್ಲೇ ಉತ್ತರ ಬೇಕು. ಲೋಹ ಅಥವಾ ಇಂಗಾಲದ ಯಾಂತ್ರಿಕ ಕವಾಟ ದೀರ್ಘ ಬಾಳಿಕೆಯದು, ಆದರೆ ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ ಬೇಕು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ರೂಪಿಸಿ 1990ರಲ್ಲಿ ಮೊದಲು ಅಳವಡಿಸಿದ ಚಿತ್ರಾ ಕವಾಟ ಈ ಬಗೆಯದು. ಪ್ರಾಣಿಯ ಅಂಗಾಂಶದ ಕವಾಟಕ್ಕೆ ಆ ಕಾಟ ಕಡಿಮೆ, ಆದರೆ ಹತ್ತು ಹದಿನೈದು ವರ್ಷಕ್ಕೆ ಸವೆಯಬಹುದು, ಎಳೆಯರಲ್ಲಿ ಇನ್ನೂ ಬೇಗ. ಕೇಳಿಕೊಳ್ಳಬೇಕಾದದ್ದು ಇದು: ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಪಿ.ಟಿ. ಐ.ಎನ್.ಆರ್. ರಕ್ತಪರೀಕ್ಷೆ ನಮ್ಮ ತಾಲೂಕಿನಲ್ಲಿ ಆಗುತ್ತದೆಯೇ, ತಿಂಗಳಿಗೊಮ್ಮೆಯಾದರೂ ಹೋಗಿ ಬರಲು ಸಾಧ್ಯವೇ? ಮುಂದೆ ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳು ಅದನ್ನು ಸಂಕೋಚವಿಲ್ಲದೆ ಹೇಳಬೇಕು. ವಾರ್ಫರಿನ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು. ಸಂಧಿವಾತ ಜ್ವರಕ್ಕೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳುವವರು ಕವಾಟ ಬದಲಾಯಿತೆಂದು ಅದನ್ನು ಬಿಡಬಾರದು. ಉಳಿದ ಕವಾಟಗಳಿಗೂ ಆ ರಕ್ಷಣೆ ಬೇಕು.

ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ ಆಸ್ಪತ್ರೆ ಕೊಟ್ಟ ದ್ರಾವಣದಿಂದ ಕುತ್ತಿಗೆಯಿಂದ ಕಾಲಿನವರೆಗೆ ಸ್ನಾನ. ಎದೆಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಬೇಡಿ, ಸಣ್ಣ ಗೀರುಗಳಲ್ಲಿ ಸೋಂಕು ಕೂರುತ್ತದೆ. ತಾಳಿ, ಮೂಗುಬೊಟ್ಟು, ಕಾಲುಂಗುರ ಮನೆಯಲ್ಲೇ ತೆಗೆದಿಡಿ. ಬಿಗಿಯಾಗಿರುವುದನ್ನು ಸೋಪು ಹಚ್ಚಿ ಎರಡು ದಿನ ಮೊದಲೇ ಬಿಡಿಸಿ. ಉಗುರು ಬಣ್ಣ ಅಳಿಸಿ, ಬೆರಳಿಗೆ ಹಾಕುವ ಆಮ್ಲಜನಕದ ಮಾಪಕ ಅದರಿಂದ ತಪ್ಪು ತೋರಿಸಬಹುದು.

ಆ ಬೆಳಗಿನ ತೂಕವನ್ನೂ ಬರೆದು ನೋಟ್‌ಬುಕ್ಕನ್ನು ನರ್ಸಮ್ಮನ ಕೈಗೆ ಕೊಡಿ. ಆಪರೇಷನ್ ಆದ ಮೇಲೆ ಮೈಯಲ್ಲಿ ನಿಂತ ನೀರನ್ನು ಎಷ್ಟು ಇಳಿಸಬೇಕು ಎಂದು ಡಾಕ್ಟರು ಲೆಕ್ಕ ಹಾಕುವುದು ಆ ಅಂಕಿಯಿಂದಲೇ.

ನಮಸ್ಕಾರ.