ಮಿತಿ 20 ಮಿಲಿಆಂಪಿಯರ್, ಆದರೂ ಎಲ್‌ಇಡಿ ಸುಟ್ಟಿತು

ವೋಲ್ಟೇಜನ್ನೂ ಕರೆಂಟ್ ಮಿತಿಯನ್ನೂ ಗುಂಡಿ ತಿರುಗಿಸಿ ಹೊಂದಿಸುವ ಪವರ್ ಸಪ್ಲೈ ಒಂದನ್ನು ನಾನೇ ಕಟ್ಟಿದ್ದೇನೆ. ಅದರ ಬೆಸುಗೆಯ ಕೆಲಸ ಪರದೆಯ ಮೇಲೆ ಓಡುತ್ತಿದೆ, ನೋಡಿಕೊಳ್ಳಿ. ಟ್ರಾನ್ಸ್‌ಫಾರ್ಮರ್ ಕೊಡುವುದು 18 ವೋಲ್ಟ್ ಎಸಿ. ಎಸಿ ಅಲೆಯ ತುದಿ 18ಕ್ಕಿಂತ ಎತ್ತರ, ಹಾಗಾಗಿ ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್ ತನ್ನ ಪಾಲು ತಿಂದ ಮೇಲೂ ಕೆಪಾಸಿಟರ್‌ನಲ್ಲಿ ಸುಮಾರು 24 ವೋಲ್ಟ್ ಡಿಸಿ ನಿಲ್ಲುತ್ತದೆ. ಶಾಖ ಹೊರಹಾಕುವ ಹೀಟ್‌ಸಿಂಕ್ ಮೇಲಿರುವುದು 2ಎನ್3055, ಕರೆಂಟ್ ಹೊರುವ ಪವರ್ ಟ್ರಾನ್ಸಿಸ್ಟರ್. ಇದರ ಲೋಹದ ಮೈಯೇ ಕಲೆಕ್ಟರ್ ಎಂಬ ತುದಿ, ಆದ್ದರಿಂದ ವಿದ್ಯುತ್ ಹೀಟ್‌ಸಿಂಕ್‌ಗೆ ದಾಟದಂತೆ ಅಡಿಯಲ್ಲಿ ಅಭ್ರಕದ ಹಾಳೆ ಇಟ್ಟಿದ್ದೇನೆ. ಔಟ್‌ಪುಟ್ ಶಾರ್ಟ್ ಆಗಿ 2 ಆಂಪಿಯರ್ ಹರಿದರೆ ಹೆಚ್ಚುಕಡಿಮೆ 48 ವಾಟ್ ಶಾಖವೆಲ್ಲ ಇದರ ತಲೆಗೆ. ಹೀಟ್‌ಸಿಂಕ್ ವಿಷಯದಲ್ಲಿ ಜಿಪುಣತನ ಮಾಡಲೇಬೇಡಿ.

ಈಗ ಕ್ಯಾಮೆರಾ ಹತ್ತಿರ ತರುತ್ತೇನೆ. ವೋಲ್ಟೇಜ್ 12, ಕರೆಂಟ್ ಮಿತಿ 20 ಮಿಲಿಆಂಪಿಯರ್. ಧೈರ್ಯವಾಗಿ ಕೆಂಪು ಎಲ್‌ಇಡಿಯನ್ನು ನೇರವಾಗಿ ಸಿಕ್ಕಿಸಿದೆ. ಚಟ್! ಒಂದು ಮಿಂಚು, ಕಾಲಿನ ಬುಡದಲ್ಲಿ ಕಪ್ಪು ಚುಕ್ಕೆ, ಸುಟ್ಟ ಪ್ಲಾಸ್ಟಿಕ್ ವಾಸನೆ. ಮೀಟರ್ ಮಾತ್ರ 20 ದಾಟಲೇ ಇಲ್ಲ! ಸಂಜೆಯೆಲ್ಲ ಮಿತಿಯ ಸರ್ಕ್ಯೂಟನ್ನೇ ಅನುಮಾನಿಸಿದೆ, ಒಂದೊಂದೇ ಭಾಗ ಬಿಚ್ಚಿ ಅಳೆದೆ. ಎಲ್ಲವೂ ಸರಿಯಾಗಿತ್ತು. ತಪ್ಪಿದ್ದದ್ದು ಔಟ್‌ಪುಟ್‌ಗೆ ಅಡ್ಡಲಾಗಿ ನಾನೇ ಹಾಕಿದ್ದ 1000 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಲ್ಲಿ. ಅದು ಕರೆಂಟ್ ಅಳೆಯುವ ರೆಸಿಸ್ಟರ್‌ನ ಆಚೆ, ಔಟ್‌ಪುಟ್ ಕಡೆ ಕೂತಿದೆ, ಹಾಗಾಗಿ ಅದರಿಂದ ಹೊರಡುವ ಕರೆಂಟ್ ಮಿತಿಯ ಸರ್ಕ್ಯೂಟ್‌ಗೆ ಕಾಣುವುದೇ ಇಲ್ಲ. 12 ವೋಲ್ಟ್‌ನಲ್ಲಿ ಅದರ ಹೊಟ್ಟೆಯಲ್ಲಿ 72 ಮಿಲಿಜೂಲ್ ಶಕ್ತಿ. ಎಲ್‌ಇಡಿ ಮುಟ್ಟಿದ ಕ್ಷಣ ಅದರ ಬಹುಪಾಲು ಯಾರ ಅಪ್ಪಣೆಯೂ ಇಲ್ಲದೆ ನುಗ್ಗುತ್ತದೆ. ದೊಡ್ಡ ಕೆಪಾಸಿಟರ್ ಇದ್ದಷ್ಟೂ ಒಳ್ಳೆಯದು ಎಂಬ ಸಲಹೆಯನ್ನು ನಾನೂ ಕೊಟ್ಟಿದ್ದೇನೆ, ಇವತ್ತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಇನ್ನೊಂದು ಮಾತನ್ನೂ ಬದಲಿಸಬೇಕು. ಕರೆಂಟ್ ಮಿತಿಗೆ ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್ ಸಾಕು ಎನ್ನುತ್ತಿದ್ದೆ. ಬೇಸ್‌ನಲ್ಲಿ 0.6 ವೋಲ್ಟ್ ಬಂದಾಗ ಅದು ತಡೆಯುತ್ತದೆ, ನಿಜ. ಆದರೆ ಬಿಸಿ ಒಂದು ಡಿಗ್ರಿ ಏರಿದರೆ ಆ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. 50 ಡಿಗ್ರಿ ಏರಿದರೆ 0.6 ಇದ್ದದ್ದು 0.5 ಆಗುತ್ತದೆ, ಮಿತಿಯೂ ಅದರ ಜೊತೆ ಜಾರುತ್ತದೆ. ಶಾರ್ಟ್‌ನಿಂದ ಉಳಿಸುವುದಕ್ಕೆ ಅಷ್ಟು ಸಾಕು, ಗುಂಡಿ ತಿರುಗಿಸಿ ನಿಖರವಾಗಿ ಹೊಂದಿಸುವುದಕ್ಕೆ ಸಾಲದು. ಅದಕ್ಕೇ ಇಲ್ಲಿ ಆಪ್‌ಆಂಪ್ ಇದೆ, ಹರಿಯುವ ಕರೆಂಟನ್ನು ಗುಂಡಿಯ ಮಿತಿಗೆ ಹೋಲಿಸಿ ನೋಡುವ ಐಸಿ.

ಅಯ್ಯೋ, ಶಾಟ್ ಮುಗಿಯುತ್ತಾ ಬಂತು. 1000 ತೆಗೆದು 10 ಮೈಕ್ರೋಫ್ಯಾರಡ್ ಹಾಕಿದ್ದೇನೆ. ಹಾಕಿದ ತಕ್ಷಣ ಔಟ್‌ಪುಟ್ ನಡುಗಿತು, ಆಸಿಲೋಸ್ಕೋಪ್‌ನ ಗೆರೆ ಗರಗಸದ ಹಲ್ಲಿನಂತೆ ಕಾಣುತ್ತಿದೆಯಲ್ಲ, ಅದೇ. ಆಪ್‌ಆಂಪ್‌ನ ಫೀಡ್‌ಬ್ಯಾಕ್‌ಗೆ ಪುಟ್ಟ ಸೆರಾಮಿಕ್ ಕೆಪಾಸಿಟರ್ ಸೇರಿಸಿದ ಮೇಲೆ ಗೆರೆ ನೇರವಾಯಿತು. ಹೊಸ ಎಲ್‌ಇಡಿ ಸಿಕ್ಕಿಸುತ್ತೇನೆ. ವೋಲ್ಟ್‌ಮೀಟರ್ ನೋಡಿ, ಕರೆಂಟ್ ಮಿತಿ ಹಿಡಿದು 12ರಿಂದ 1.9ಕ್ಕೆ ಇಳಿದು ನಿಂತಿತು. ಎಲ್‌ಇಡಿ ಉರಿಯುತ್ತಿದೆ.